ಎಲೆಯ ನವಿರು, ನುಸಿಯ ಹೆಸರು

ಶಾಸ್ತ್ರವಿಷಯಕವಾದ ಕನ್ನಡ ಗದ್ಯವನ್ನು ಪರೀಕ್ಷಿಸುವವರು ಅದರ ವ್ಯಾಕರಣ ಶುದ್ಧವೆ, ಶೈಲಿ ಸುಲಭವೆ ಎಂದು ಕೇಳುವುದು ವಾಡಿಕೆ. ಇವೆರಡಕ್ಕಿಂತಲೂ ಮುಖ್ಯವಾದ ಪ್ರಶ್ನೆ ಇನ್ನೊಂದುಂಟು: ವಸ್ತುಗಳಲ್ಲಿರುವ ಭೇದವನ್ನು ಹೆಸರು ಉಳಿಸುತ್ತದೆಯೆ, ಅಳಿಸುತ್ತದೆಯೆ? ಮಂಡ್ಯದ ಸೀಮೆಯಲ್ಲಿ ಬಳಕೆಯಾಗುತ್ತಿರುವ ‘ನುಸಿ’ ಎಂಬ ಮಾತು ಈ ಪ್ರಶ್ನೆಗೆ ತಕ್ಕ ನಿದರ್ಶನ.

ತೆಂಗಿನ ಕಾಯಿಯನ್ನು ಕೆಡಿಸುವ ನುಸಿಯು ಭಾರತದಲ್ಲಿ ಮೊದಲು ಬೆಳಕಿಗೆ ಬಂದುದು 1998ರಲ್ಲಿ, ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ. ಅಲ್ಲಿಂದ ಅದು ಕನ್ನಡ ನಾಡಿನ ತೋಟಗಳಿಗೂ ಹರಡಿತು. ಎಳನೀರಿನ ವ್ಯಾಪಾರಕ್ಕೆ ಹೆಸರಾದ ಮದ್ದೂರಿನ ಕಡೆ ‘ನುಸಿಪೀಡೆ’ ಎಂಬ ಸಮಾಸ ಮನೆಮಾತಾಯಿತು. ನುಸಿಯೆಂದರೆ ಪೀಡೆಯೆಂದೇ ಅರ್ಥ ನಿಂತಿತು. ಆದರೆ ನುಸಿಗಳನ್ನು ತಿಂದು ಬದುಕುವ ನುಸಿಗಳೂ ಇವೆ. ತೆಂಗಿನಲ್ಲಿಯೇ ನಿಯೋಸೀಯುಲಸ್ ಬರಾಕಿ ಎಂಬುದು ತನ್ನ ಚಪ್ಪಟೆಯಾದ ನೀಳ ದೇಹವನ್ನು ಕಾಯಿಯ ತೊಟ್ಟಿನೆಸಳುಗಳ ಕೆಳಗೆ ತೂರಿಸಿ ಪೀಡೆಯನ್ನು ಭಕ್ಷಿಸುತ್ತದೆ. ‘ನುಸಿಪೀಡೆ’ಯೆಂಬ ಸಮಾಸದಲ್ಲಿ ಈ ಉಪಕಾರಿಗೆ ಎಡೆಯಿಲ್ಲ. ‘ನುಸಿನಾಶಕ’ವೆಂಬ ಮಾತಿನಲ್ಲಿಯೂ ಇಲ್ಲ, ಆ ಹೆಸರಿನ ಮದ್ದುಗಳಲ್ಲಿ ಅನೇಕವು ಬೇಟೆಯೊಡನೆ ಬೇಟೆಗಾರನನ್ನೂ ಕೊಲ್ಲುತ್ತವೆ.

ಎಲೆಯ ಮೇಲಿನ ಕೂದಲಿನ ವರ್ಣನೆಯಲ್ಲಿಯೂ ಇಂತಹುದೇ ದೋಷವುಂಟು. ಅದು ಗಿಡದ ಕವಚವೆಂದು ಹೇಳಿ ಮುಗಿಸುವುದು ರೂಢಿ. ಹತ್ತಿಯ ಎಲೆಯ ಕೂದಲು ಜಿಗಿಹುಳುವನ್ನು ತಡೆಯುವುದು ನಿಜ. ಅದೇ ಕೂದಲುಳ್ಳ ಎಲೆಯಲ್ಲಿ ಬಿಳಿನೊಣ ಹೆಚ್ಚುವುದೂ ನಿಜ. ಬೇಟೆಯ ನುಸಿಯ ವಿಷಯಕ್ಕೆ ಬಂದರಂತೂ ಉಪಮೆ ಪೂರ್ತಿಯಾಗಿ ಕುಸಿಯುತ್ತದೆ. ಟೊಮೇಟೊ ಗಿಡದ ಕೂದಲಿನ ತುದಿಯಲ್ಲಿ ಅಂಟು ಒಸರುವ ಗ್ರಂಥಿಗಳಿವೆ. ಫೈಟೋಸೀಯುಲಸ್ ಪರ್ಸಿಮಿಲಿಸ್ ಎಂಬ ಬೇಟೆಗಾರ ಅದರಲ್ಲಿ ಸಿಕ್ಕಿಬೀಳುತ್ತದೆ. ಜರ್ಬೆರಾ ಹೂಗಿಡದ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ, ಕೂದಲು ದಟ್ಟವಾದಷ್ಟೂ ಇದೇ ನುಸಿಯ ನಡಿಗೆ ನಿಧಾನವಾಯಿತು. ದ್ರಾಕ್ಷಿ ಮತ್ತು ಸೇಬಿನ ಎಲೆಗಳಲ್ಲಿ ಫಲ ವಿಪರೀತ. ಅಲ್ಲಿ ಎಲೆಯ ಕೆಳಮೈಯ ಅಂಟಿಲ್ಲದ ಕೂದಲು ಪರಾಗವನ್ನೂ ಬೂಷ್ಟಿನ ಬೀಜಕಣಗಳನ್ನೂ ಹಿಡಿದಿಡುತ್ತದೆ; ಬೇಟೆ ಸಿಗದ ಕಾಲದಲ್ಲಿ ಅವೇ ಆಹಾರ. ಟಿಫ್ಲೊಡ್ರೋಮಸ್ ಪೈರಿ ಎಂಬ ಬೇಟೆಗಾರ ನುಣುಪಾದ ತಳಿಗಿಂತ ಕೂದಲುಳ್ಳ ತಳಿಯಲ್ಲಿಯೇ ಹೆಚ್ಚಾಗಿ ನೆಲಸುತ್ತದೆ.

ಹಲವು ಮರಗಿಡಗಳಲ್ಲಿ ಎಲೆಯ ನರಗಳು ಕವಲೊಡೆಯುವೆಡೆ ಕೂದಲಿನ ಪುಟ್ಟ ಕುಚ್ಚುಗಳಿರುತ್ತವೆ. ಸ್ವೀಡನ್ನಿನ ಆಕ್ಸೆಲ್ ಲುಂಡ್‌ಸ್ಟ್ರೋಮ್ ಎಂಬ ಪಂಡಿತನು 1887ರಲ್ಲಿ ಇಂತಹ ಎಡೆಗಳಿಗೆ ‘ಪುಟ್ಟ ಮನೆ’ ಎಂಬರ್ಥದ ಗ್ರೀಕ್ ಮೂಲದ ಹೆಸರಿಟ್ಟು, ಅವುಗಳಲ್ಲಿ ವಾಸಿಸುವ ನುಸಿಗಳಿಂದ ಗಿಡಕ್ಕೆ ಉಪಕಾರವುಂಟೆಂದು ವಾದಿಸಿದನು. ಬಹುಕಾಲ ಸಂದೇಹಕ್ಕೆ ಒಳಗಾಗಿದ್ದ ಆ ವಾದಕ್ಕೆ 20ನೆಯ ಶತಮಾನದ ಕೊನೆಯ ದಶಕದ ಪ್ರಯೋಗಗಳಿಂದ ಬೆಂಬಲ ದೊರೆಯಿತು. ಅವನು ಕವಚವೆನ್ನದೆ ಮನೆಯೆಂದುದರಲ್ಲಿಯೇ ಅವನ ದೃಷ್ಟಿಯ ವಿಶೇಷವಿದೆ. ಒಂದೇ ಕೂದಲು ಒಬ್ಬನಿಗೆ ಕೋಟೆ, ಒಬ್ಬನಿಗೆ ಬಲೆ, ಇನ್ನೊಬ್ಬನಿಗೆ ಮನೆ. ಕವಚವೆಂಬ ಹೆಸರು ವಿಚಾರಣೆಗೆ ಮೊದಲೇ ತೀರ್ಪನ್ನು ಕೊಟ್ಟುಬಿಡುತ್ತದೆ.

ಈ ಭೇದಗಳನ್ನು ಹೇಳಲು ಕನ್ನಡಕ್ಕೆ ಬಡತನವಿಲ್ಲ. ‘ನವಿರ್’ ಎಂಬ ಹಳಗನ್ನಡ ಪದಕ್ಕೆ ಕೂದಲೆಂದೇ ಅರ್ಥ. ‘ನವಿರೇಳು’ ಎಂಬಲ್ಲಿ ಅದು ಇಂದಿಗೂ ಜೀವಂತವಾಗಿದೆ. ಎಲೆಯ ಮೃದುವಾದ ಕೂದಲಿಗೆ ಅದು ಒಪ್ಪುತ್ತದೆ. ಭತ್ತದ ಒಕ್ಕಣೆಯಲ್ಲಿ ಮೈಗೆ ತಗಲಿ ನವೆಯೆಬ್ಬಿಸುವುದು ‘ಸುಂಕು’. ಕಬ್ಬು ಕಡಿಯುವವರ ಕೈಗೆ ಚುಚ್ಚುವ ಬಿರುಸಾದ ಕೂದಲಿಗೂ ಆ ಮಾತು ಸಲ್ಲುತ್ತದೆ. ಟೊಮೇಟೊವಿನದು ‘ಅಂಟುಗೂದಲು’. ಬೇಟೆಯಾಡುವ ನುಸಿಯನ್ನು ‘ಪರಭಕ್ಷಕ’ವೆಂದು ಬರೆಯುವ ಪದ್ಧತಿಯೂ ಪುನರ್ವಿಚಾರಕ್ಕೆ ಅರ್ಹ. ಗಿಡವನ್ನು ತಿನ್ನುವುದೂ ‘ಪರ’ವನ್ನು ಭಕ್ಷಿಸುವುದೇ ಅಲ್ಲವೆ? ‘ಬೇಟೆನುಸಿ’ಯೆಂದರೆ ಸಂದೇಹಕ್ಕೆಡೆಯಿಲ್ಲ.

ನುಸಿಶಾಸ್ತ್ರ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಜಿ. ಪಿ. ಚನ್ನಬಸವಣ್ಣನವರು ಭಾರತದ ಎರಿಯೋಫಿಡ್ ನುಸಿಗಳನ್ನು ಕುರಿತು ಬರೆದ ಗ್ರಂಥ 1966ರಲ್ಲಿ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದಿಂದ ಹೊರಬಂದಿತು. 1986ರಲ್ಲಿ ಈ ಶಾಸ್ತ್ರದ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿಯೇ ನೆರೆಯಿತು. ಆದರೆ ಆ ಗ್ರಂಥದ ಭಾಷೆ ಇಂಗ್ಲಿಷು. ಗದ್ದೆಗೆ ಇಳಿದು ಬಂದ ಕನ್ನಡ ಪದ ‘ನುಸಿಪೀಡೆ’.

ಅರ್ಧ ಮಿಲಿಮೀಟರನ್ನೂ ಮೀರದ ಪ್ರಾಣಿಗೆ ಇಷ್ಟು ಸೂಕ್ಷ್ಮವಾದ ಹೆಸರೇಕೆಂದು ಆಕ್ಷೇಪಿಸಬಹುದು. ಮಳವಳ್ಳಿಯ ಕಡೆಯ ಹಿತ್ತಲಿನ ಬದನೆಯೆಲೆಯನ್ನು ಮಗುಚಿ ಭೂತಗನ್ನಡಿ ಹಿಡಿದರೆ ನಕ್ಷತ್ರಾಕಾರದ ಕೂದಲುಗಳು ಕಾಣುತ್ತವೆ. ಅವುಗಳ ನಡುವೆ ಬಲೆ ನೇಯ್ದು ಮೆಲ್ಲಗೆ ಸರಿಯುವುದು ಪೀಡೆ. ಹೊಳೆಯುವ ಮೈಯಿಂದ ಚುರುಕಾಗಿ ಓಡುವುದು ಬೇಟೆನುಸಿಯಿರಬಹುದು. ಎರಡಕ್ಕೂ ಒಂದೇ ಹೆಸರು ಕಲಿತವನು ಎರಡರ ಮೇಲೂ ಒಂದೇ ಮದ್ದು ಸುರಿಯುತ್ತಾನೆ. ತಪ್ಪು ಅವನ ಕಣ್ಣಿನದಲ್ಲ, ಅವನಿಗೆ ಕಲಿಸಿದ ಗದ್ಯದ್ದು.