ಬೋಲ್ಟಿಲ್ಲದ ಸೇತುವೆ

ಕಲ್ಕತ್ತೆಯ ಹೌರಾ ಸೇತುವೆಗೆ ಸಾಮಾನ್ಯ ಜ್ಞಾನದ ಪುಸ್ತಕಗಳು ಕೊಡುವುದು ಒಂದೇ ಸಾಲು: ನಟ್ಟು-ಬೋಲ್ಟು ಇಲ್ಲದ ಸೇತುವೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪಾಠ ಹೇಳುವವಳಾಗಿ ನನಗೆ ಈ ಸಾಲಿನ ಮೇಲೆ ತಕರಾರಿದೆ. ಅದು ಪವಾಡದಂತೆ ಕೇಳಿಸುತ್ತದೆ. ದುಡಿದ ಕೈಗಳನ್ನು ಮರೆಸುತ್ತದೆ.

ಬೋಲ್ಟಿನ ಬದಲು ಅಲ್ಲಿರುವುದು ರಿವೆಟ್. ಕೆಂಪಗೆ ಕಾಯಿಸಿದ ಮೊಳೆಯನ್ನು ತೂತಿನಲ್ಲಿ ತೂರಿಸಿ, ಆಚೆ ತುದಿಯನ್ನು ಬಡಿದು ಚಪ್ಪಟೆ ಮಾಡಬೇಕು. ಆರಿದಾಗ ಅದು ಕುಗ್ಗಿ ಉಕ್ಕಿನ ಹಲಗೆಗಳನ್ನು ಬಿಗಿಹಿಡಿಯುತ್ತದೆ. 26,500 ಟನ್ ಉಕ್ಕು ಹೀಗೆ ಒಂದಾಗಿ, 1943ರಲ್ಲಿ ಸೇತುವೆ ತೆರೆಯಿತು.

ಹಡಗುಗಳು ಓಡಾಡುವ ಹುಗ್ಲಿ ನದಿಯ ನಡುವೆ ಒಂದು ಕಂಬವೂ ಇಲ್ಲ. ಎರಡು ದಡದ ಗೋಪುರಗಳಿಂದ ಚಾಚಿದ 468 ಅಡಿಯ ತೋಳುಗಳು ನಡುವಿನ 564 ಅಡಿಯ ಭಾಗವನ್ನು ಹೊತ್ತಿವೆ. ಎಲ್ಲವೂ ತ್ರಿಕೋನಗಳ ಹೆಣಿಗೆ. ನಾಲ್ಕು ಕಡ್ಡಿ ಕಟ್ಟಿದ ಚೌಕ ಒತ್ತಿದರೆ ವಾಲುತ್ತದೆ, ಮೂರು ಕಡ್ಡಿಯ ತ್ರಿಕೋನ ವಾಲದು. ಇಷ್ಟನ್ನು ಪೊರಕೆಕಡ್ಡಿಯಲ್ಲೇ ಮಕ್ಕಳಿಗೆ ತೋರಿಸಬಹುದು.

ರಸ್ತೆಯನ್ನು ಹಿಡಿದಿರುವ ತೂಗುಕಂಬಗಳ ಬುಡದ ಉಕ್ಕಿನ ಕವಚ, ಎಲೆಯಡಿಕೆಯ ಉಗುಳಿಗೆ 2007ರಿಂದ 2011ರೊಳಗೆ ಅರ್ಧದಷ್ಟು ಸವೆದಿತ್ತು. ಆಮೇಲೆ ಫೈಬರ್‌ಗ್ಲಾಸ್ ಹೊದಿಸಬೇಕಾಯಿತು. ಪವಾಡದ ಬದಲು ಬೆವರಿನ ಕಥೆ ಕಲಿಸಿದ್ದರೆ, ಉಗುಳುವ ಮೊದಲು ಒಬ್ಬರಾದರೂ ನಾಚುತ್ತಿದ್ದರೇನೋ.