ಬಿಲ್ಲೆ ಬೆಳೆದ ಮನೆ

ಪು-ಅರ್ ಚಹಾದ ಬಿಲ್ಲೆ ಕೈಗೆ ಬಂದ ಕೂಡಲೇ ಹೊಸಬರು ಕೇಳುವುದು, ‘ಎಷ್ಟು ವರ್ಷ ಹಳೆಯದು?’ ಹೊದಿಕೆಯ ಮೇಲೆ 7542 ಎಂದಿದ್ದರೆ 1975ರದ್ದೇ ಸಿಕ್ಕಿತೆಂದು ಹಿಗ್ಗುತ್ತಾರೆ. ಆ 75 ಮಿಶ್ರಣದ ಹದ ಹುಟ್ಟಿದ ವರ್ಷ, 4 ಎಲೆಯ ದರ್ಜೆ, 2 ಅಂದರೆ ಮೆಂಘಾಯ್ ಕಾರ್ಖಾನೆ. ಮೊನ್ನೆ ಒತ್ತಿದ ಬಿಲ್ಲೆಗೂ ಅದೇ ಅಂಕಿ.

ಪು-ಅರ್ ಬರುವ, ಚೀನಾದ ಯುನ್ನಾನ್ ಪ್ರಾಂತ್ಯದ ದೊಡ್ಡೆಲೆ ಗಿಡ ಅಸ್ಸಾಂ ಚಹಾದ ದಾಯಾದಿ. ಎಲೆಯನ್ನು ಬಾಣಲೆಯಲ್ಲಿ ಬಾಡಿಸಿ, ಹೊಸೆದು, ಬಿಸಿಲಲ್ಲಿ ಒಣಗಿಸಿ, ಆವಿ ತಾಗಿಸಿ 357 ಗ್ರಾಂ ಬಿಲ್ಲೆ ಒತ್ತುತ್ತಾರೆ. ತಾನಾಗಿ ಮಾಗಲು ಬಿಟ್ಟರೆ ಅದು ಶೆಂಗ್. ಕಾಯಲಾರದವರಿಗೆಂದು 1970ರ ದಶಕದಲ್ಲಿ ಎಲೆರಾಶಿಗೆ ನೀರು ಚಿಮುಕಿಸಿ, ಮುಚ್ಚಿ, ವಾರಗಟ್ಟಲೆ ಹುದುಗಿಸುವ ಕ್ರಮ ಬಂತು, ಅದು ಶೌ. ಇಲ್ಲಿ ಹೇಳುತ್ತಿರುವುದು ಶೆಂಗ್ ಸಂಗತಿ.

ಒಂದೇ ವರ್ಷದ ಎರಡು ಬಿಲ್ಲೆ ಬೇರೆ ಬೇರೆ ಊರಲ್ಲಿ ಬೆಳೆದರೆ ಅಣ್ಣತಮ್ಮಂದಿರೆಂದು ಗುರುತೇ ಹತ್ತದು. ಹಾಂಗ್‌ಕಾಂಗ್‌ನ ಸೆಕೆ, ತೇವದಲ್ಲಿ ಚಹಾ ಬೇಗ ಮಾಗುತ್ತದೆ, ಮುಗ್ಗುವುದೂ ಉಂಟು. ಕುನ್ಮಿಂಗ್‌ನ ಒಣ ತಂಪಿನಲ್ಲಿ ಇಪ್ಪತ್ತು ವರ್ಷವಾದರೂ ಒಗರು ಬಿಡದಿರಬಹುದು. ‘88 ಚಿಂಗ್’ ಎಂದು ಹೆಸರಾದ ಬಿಲ್ಲೆಗಳು ಅದೇ 7542ರವು. ತೇವದ ಹಾಂಗ್‌ಕಾಂಗ್‌ನಲ್ಲೂ ಒಣ ಕೋಣೆಯಲ್ಲಿ ಜೋಪಾನವಾಗಿದ್ದುದೇ ಅವುಗಳ ಕೀರ್ತಿಗೆ ಕಾರಣ.

ಬಿಲ್ಲೆಯ ಬಾಳನ್ನು ಬಟ್ಟಲೇ ಹೇಳುತ್ತದೆ. ಮುಚ್ಚಳದ ಪುಟ್ಟ ಬಟ್ಟಲಿಗೆ ಐದಾರು ಗ್ರಾಂ ಹಾಕಿ, ಕುದಿನೀರು ಹೊಯ್ದು ಮೊದಲ ನೀರನ್ನು ಚೆಲ್ಲಿ. ಎರಡನೆಯದನ್ನು ಹತ್ತು ಸೆಕೆಂಡಿಗೆ ಬಸಿಯಿರಿ. ಬೆಲ್ಲದ ಪಾಕದ ಬಣ್ಣವಿದ್ದೂ ತಿಳಿಯಾಗಿರಬೇಕು. ಮೂಗಿಗೆ ಹಳೇ ಮರದ ಪೆಟ್ಟಿಗೆ, ಒಮ್ಮೊಮ್ಮೆ ಕರ್ಪೂರ. ಮಳೆಗಾಲದ ಗೋಣಿಚೀಲದ ವಾಸನೆ ಮೂರನೇ ಸುತ್ತಿಗೂ ಹೋಗದಿದ್ದರೆ ಆಸೆ ಬಿಡಿ. ನುಂಗಿದ ಮೇಲೆ ಅವಸರ ಬೇಡ: ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಏಳುವಂಥ ಸಿಹಿ ಗಂಟಲಿಂದ ಮೇಲೆ ಬರುತ್ತದೆ. ಚೀನೀಯರು ಅದನ್ನು ಹುಯ್‌ಗಾನ್ ಎನ್ನುತ್ತಾರೆ. ಅವರು ಕಾಯುವುದು ಇದಕ್ಕೇ. ಕೊನೆಗೆ ನೆಂದ ಎಲೆಯನ್ನು ಬಿಡಿಸಿ ನೋಡಿ. ಚೆನ್ನಾಗಿ ಬಾಳಿದ ಎಲೆ ಮೆತ್ತಗೆ ಅರಳುತ್ತದೆ. ತೇವ ತಿಂದ ಎಲೆ ಕಪ್ಪಾಗಿ ಬಿರುಸಾಗಿರುತ್ತದೆ.

ಇಡೀ ಬಿಲ್ಲೆಗೆ ದುಡ್ಡು ಸುರಿಯುವ ಮೊದಲು ಹತ್ತು ಗ್ರಾಂ ಮಾದರಿ ಕೇಳಿ. ಕೊಂಡ ಮೇಲೆ ಅಡುಗೆಮನೆಯ ಮಸಾಲೆ ಡಬ್ಬಿಗಳಿಂದ ದೂರವಿಡಿ. ನೀವು ಕರಾವಳಿಯವರಾದರೆ ಜೂನ್ ಬಂದ ಕೂಡಲೇ ಒಮ್ಮೆ ಹೊದಿಕೆ ಬಿಚ್ಚಿ ಬೂಷ್ಟು ಹಿಡಿದಿದೆಯೇ ನೋಡಿ.