‘ಲೊಸ್ ಓಲ್ವಿದಾದೊಸ್’ ಚಿತ್ರದಲ್ಲಿ ಕರುಣೆಯೂ ಕರುಣರಸವೂ

ದೈನ್ಯವನ್ನು ಚಿತ್ರಿಸುವ ಕೃತಿಯೊಂದು ನಮ್ಮ ಕಣ್ಣಿನಲ್ಲಿ ನೀರು ತರಿಸಿದರೆ ಅದು ಕರುಣರಸಪ್ರಧಾನವಾದ ಕೃತಿಯೆಂದು ಹೇಳಿಬಿಡುವುದು ನಮ್ಮಲ್ಲಿ ವಾಡಿಕೆಯಾಗಿದೆ. ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಹಾಗೆ ಬರೆಯುತ್ತಾರೆ. ಅಧ್ಯಾಪಕರಾದ ನಾವೂ ಅದಕ್ಕೆ ಅಂಕ ಕೊಡುತ್ತ ಬಂದಿದ್ದೇವೆ. ಆದರೆ ಕರುಣೆ ಬೇರೆ, ಕರುಣರಸ ಬೇರೆ. ಕರುಣೆಯು ಲೋಕದ ಭಾವ. ಉಳ್ಳವನು ಇಲ್ಲದವನನ್ನು ಕಂಡಾಗ, ನಿಂತವನು ಬಿದ್ದವನನ್ನು ಕಂಡಾಗ ಅದು ಹುಟ್ಟುತ್ತದೆ. ಮೇಲು ಕೀಳುಗಳ ಭೇದ ಅದರಲ್ಲಿ ಇದ್ದೇ ಇರುತ್ತದೆ. ಕರುಣರಸಕ್ಕೆ ಸ್ಥಾಯಿಯಾದುದಾದರೋ ಶೋಕ. ಭಟ್ಟನಾಯಕನು ಹೇಳಿದ ಸಾಧಾರಣೀಕರಣವು ನಡೆದಲ್ಲಿ ಆ ಶೋಕ ಅವರದೆಂದಾಗಲಿ ನಮ್ಮದೆಂದಾಗಲಿ ಬೇರ್ಪಡಿಸಿ ಹೇಳಲು ಬಾರದು. ಈ ಭೇದವನ್ನು ಕಾವ್ಯಮೀಮಾಂಸೆಯ ತರಗತಿಗಳಲ್ಲಿ ನಾವು ಎಷ್ಟೋ ವರ್ಷಗಳಿಂದ ವಿವರಿಸುತ್ತಿದ್ದರೂ ಅದರ ತೀಕ್ಷ್ಣತೆಯನ್ನು ನಮಗೆ ಮನಗಾಣಿಸಿದುದು ದೂರದ ಮೆಕ್ಸಿಕೊ ದೇಶದ ಒಂದು ಚಲಚ್ಚಿತ್ರ.

ಲೂಯಿ ಬುನ್ಯುಯೆಲ್ ನಿರ್ದೇಶಿಸಿದ ‘ಲೊಸ್ ಓಲ್ವಿದಾದೊಸ್’ 1950ರಲ್ಲಿ ತೆರೆಕಂಡಿತು. ‘ಮರೆತುಹೋದವರು’ ಎಂಬುದು ಆ ಹೆಸರಿನ ಅರ್ಥ. ಸ್ಪೇನ್ ದೇಶದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಅತಿವಾಸ್ತವವಾದಿಗಳ ಗುಂಪಿನಲ್ಲಿ ಬೆಳೆದು, 1946ರಲ್ಲಿ ಮೆಕ್ಸಿಕೊ ಸೇರಿದ ಈ ನಿರ್ದೇಶಕ ಅಲ್ಲಿಯ ರಾಜಧಾನಿಯ ಕೊಳೆಗೇರಿಗಳಲ್ಲಿ ಹಲವು ತಿಂಗಳು ಹಳೆಯ ಬಟ್ಟೆ ತೊಟ್ಟು ಅಲೆದನು. ಬಾಲಾಪರಾಧಿಗಳ ಕಡತಗಳನ್ನು ತಿರುವಿ ನೋಡಿದನು. ಹಾಗೆ ಕೂಡಿಸಿದ ಸಾಮಗ್ರಿಯಿಂದ ಲೂಯಿ ಅಲ್ಕೊರೀಸನೊಡನೆ ಕಥೆಯನ್ನು ಕಟ್ಟಿ, ಮೂರು ವಾರಗಳಷ್ಟು ಅಲ್ಪಾವಧಿಯಲ್ಲಿ ಚಿತ್ರೀಕರಿಸಿದನು.

ಕಥೆ ಸರಳವಾದುದು. ಹೈಬೋ ಎಂಬ ಹುಡುಗ ಸುಧಾರಣಾಲಯದಿಂದ ತಪ್ಪಿಸಿಕೊಂಡು ಕೇರಿಗೆ ಮರಳುತ್ತಾನೆ. ತನ್ನನ್ನು ಹಿಡಿದುಕೊಟ್ಟವನೆಂದು ಶಂಕಿಸಿ, ದುಡಿದು ಮನೆ ನಡೆಸುತ್ತಿದ್ದ ಹೂಲಿಯಾನ್ ಎಂಬವನನ್ನು ಕೊಲ್ಲುತ್ತಾನೆ. ಮುರಿದ ಕೈಯೆಂದು ತೋರಿಸಿಕೊಂಡು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಕಲ್ಲನ್ನು ಅಡಗಿಸಿ ತಂದು, ಬೆನ್ನು ತಿರುಗಿಸಿದವನನ್ನು ಹೊಡೆಯುತ್ತಾನೆ. ಇದಕ್ಕೆ ಸಾಕ್ಷಿಯಾದ ಪೇದ್ರೊ ಅವನಿಗಿಂತ ಕಿರಿಯ. ಒಳ್ಳೆಯವನಾಗಬೇಕು, ತಾಯಿಯ ಪ್ರೀತಿಯನ್ನು ಪಡೆಯಬೇಕು ಎಂಬ ಹಂಬಲವುಳ್ಳವನು. ಅವನು ಎಲ್ಲಿ ಕಾಲೂರಿದರೂ ಅಲ್ಲಿ ಹೈಬೋ ಬರುತ್ತಾನೆ. ಪೇದ್ರೊ ಕೆಲಸಕ್ಕೆ ಸೇರಿದ ಕುಲುಮೆಯಲ್ಲಿ ಹೈಬೋ ಕದ್ದ ಚೂರಿಯ ಆರೋಪ ಪೇದ್ರೊವಿನ ತಲೆಗೆ ಬರುತ್ತದೆ. ಕೃಷಿಶಾಲೆಯ ಮುಖ್ಯಸ್ಥನು ನಂಬಿ ಕೊಟ್ಟ ಐವತ್ತು ಪೆಸೊ ಹೈಬೋವಿನ ಪಾಲಾಗುತ್ತದೆ. ಕೊನೆಗೆ ಪೇದ್ರೊ ಅವನ ಕೈಯಿಂದಲೇ ಸಾಯುತ್ತಾನೆ. ಹೈಬೋ ಪೊಲೀಸರ ಗುಂಡಿಗೆ ಬೀಳುತ್ತಾನೆ.

ಈ ಚಿತ್ರವನ್ನು ವಿಭಾಗದ ವಿದ್ಯಾರ್ಥಿಗಳಿಗೆ ತೋರಿಸಿದ ಸಂಜೆ ಒಬ್ಬ ವಿದ್ಯಾರ್ಥಿ ಹೇಳಿದ ಮಾತು ಈ ಲೇಖನಕ್ಕೆ ಕಾರಣವಾಯಿತು. ‘ಸಾರ್, ಇವರನ್ನು ಕಂಡು ಅಯ್ಯೋ ಎನಿಸಲಿಲ್ಲ. ಇಂಥವರು ಇರುವುದೇ ಹೀಗೆ ಎನಿಸಿತು’ ಎಂದನು ಅವನು. ನಾವು ಕೂಡಲೇ ಉತ್ತರ ಕೊಡಲಾಗಲಿಲ್ಲ. ಏಕೆಂದರೆ ಆ ಮಾತು ಚಿತ್ರದೊಳಗೇ ಇದೆ. ಹೈಬೋ ಗುಂಡಿಗೆ ಬಿದ್ದಾಗ, ಅವನ ಸುಳಿವನ್ನು ಪೊಲೀಸರಿಗೆ ಕೊಟ್ಟಿದ್ದ ಕುರುಡ ಭಿಕ್ಷುಕ ದೋನ್ ಕಾರ್ಮೆಲೊ ಒಬ್ಬ ಕಡಿಮೆಯಾದನೆಂದು ಹಿಗ್ಗುತ್ತಾನೆ. ಇವರನ್ನೆಲ್ಲ ಹುಟ್ಟುವ ಮೊದಲೇ ಕೊಲ್ಲಬೇಕೆಂಬ ಅರ್ಥದ ಮಾತನ್ನು ಆಡುತ್ತಾನೆ. ನಮ್ಮ ವಿದ್ಯಾರ್ಥಿ ಸಾಧು ಸ್ವಭಾವದವನು. ಆದರೂ ಅವನ ಜುಗುಪ್ಸೆಯ ದಾರಿ ಆ ಕುರುಡನ ಮನೆಯ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಹಾಗಾದರೆ ಚಿತ್ರವು ಬಡವರ ಮೇಲೆ ಹೇಯಬುದ್ಧಿಯನ್ನು ಹುಟ್ಟಿಸುವುದೆ? 1950ರ ನವೆಂಬರ್ 9ರಂದು ಮೆಕ್ಸಿಕೊ ನಗರದಲ್ಲಿ ಬಿಡುಗಡೆಯಾದಾಗ ಅಲ್ಲಿಯ ಪ್ರೇಕ್ಷಕರು ಇದೇ ಆಕ್ಷೇಪವನ್ನು ಎತ್ತಿದ್ದರು. ದೇಶಕ್ಕೆ ಅವಮಾನವಾಯಿತೆಂಬ ಕೂಗೆದ್ದು, ಚಿತ್ರ ಒಂದು ವಾರವೂ ಓಡಲಿಲ್ಲ. ಮರುವರ್ಷ ಕಾನ್ ಉತ್ಸವದಲ್ಲಿ ಕವಿ ಒಕ್ತಾವಿಯೊ ಪಾಸ್ ಚಿತ್ರವನ್ನು ಸಮರ್ಥಿಸಿ ತಾನು ಬರೆದ ಲೇಖನವನ್ನು ತಾನೇ ಹಂಚಿದನು. ನಿರ್ದೇಶನದ ಪ್ರಶಸ್ತಿ ಅಲ್ಲಿ ದೊರೆತ ಮೇಲೆ ಸ್ವದೇಶದ ಅಭಿಪ್ರಾಯವೂ ಬದಲಾಯಿತು. 2003ರಲ್ಲಿ ಯುನೆಸ್ಕೊ ಸಂಸ್ಥೆ ಇದನ್ನು ವಿಶ್ವದ ಸ್ಮೃತಿಸಂಪತ್ತಿನ ಪಟ್ಟಿಗೆ ಸೇರಿಸಿತು. ಪ್ರಶಸ್ತಿಯಿಂದ ಆಕ್ಷೇಪಕ್ಕೆ ಉತ್ತರ ದೊರೆತಂತಾಗುವುದಿಲ್ಲ. ಆದುದರಿಂದ ಅದನ್ನು ಕೃತಿಯಲ್ಲಿಯೇ ಹುಡುಕಬೇಕಾಗಿದೆ.

ಕೊಳೆಗೇರಿಯ ಚಿತ್ರಗಳು ಸಾಮಾನ್ಯವಾಗಿ ಹಿಡಿಯುವ ದಾರಿಯನ್ನು ಮೊದಲು ನೆನೆಯೋಣ. 1954ರಲ್ಲಿ ಬಂದ ನಮ್ಮ ದೇಶದ ‘ಬೂಟ್ ಪಾಲಿಶ್’ ಚಿತ್ರದ ಅಣ್ಣತಂಗಿಯರನ್ನು ಮರೆಯಲು ಯಾರಿಗೂ ಸಾಧ್ಯವಿಲ್ಲ. ಭಿಕ್ಷೆ ಬೇಡುವುದನ್ನು ಬಿಟ್ಟು ಕೈಯಾರೆ ದುಡಿಯಬೇಕೆಂಬ ಅವರ ಹಟ, ಅವರಿಗೆ ದಾರಿ ತೋರುವ ಜಾನ್ ಚಾಚಾ, ಕೊನೆಗೆ ಉಳ್ಳವರ ಮನೆಯ ಆಶ್ರಯ: ಎಲ್ಲವೂ ಮನಸ್ಸನ್ನು ಕರಗಿಸುವಂತೆ ಜೋಡಿಸಲ್ಪಟ್ಟಿವೆ. ಅದು ಒಳ್ಳೆಯ ಚಿತ್ರವೇ. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಅಲ್ಲಿ ಮಕ್ಕಳು ನಮ್ಮ ಕರುಣೆಗೆ ಅರ್ಹರಾಗುವುದು ಅವರು ಒಳ್ಳೆಯವರಾಗಿರುವುದರಿಂದ. ಹಸಿದವನು ಸಜ್ಜನನಾಗಿದ್ದರೆ ಮಾತ್ರ ಅನ್ನ ಎಂಬ ಕರಾರನ್ನು ನಾವು ಅರಿವಿಲ್ಲದೆಯೇ ಹಾಕಿರುತ್ತೇವೆ. ಬುನ್ಯುಯೆಲ್ ಮುರಿದುಹಾಕುವುದು ಈ ಕರಾರನ್ನು.

ಅವನು ಒಂದೊಂದು ಪಾತ್ರದ ವಿಷಯದಲ್ಲಿಯೂ ನಮ್ಮ ಕರುಣೆ ಹರಿಯಲು ತೊಡಗಿದ ಕೂಡಲೇ ಅದಕ್ಕೆ ಅಣೆಕಟ್ಟು ಹಾಕುತ್ತಾನೆ. ಕುರುಡ ಭಿಕ್ಷುಕನನ್ನು ಹುಡುಗರು ಬಯಲಿನಲ್ಲಿ ಕಲ್ಲೆಸೆದು ಕೆಡವಿ ಅವನ ಡೋಲನ್ನು ಒಡೆಯುತ್ತಾರೆ. ಕೆಸರಿನಲ್ಲಿ ಬಿದ್ದ ಅವನ ಮುಂದೆ ಕರಿಯ ಕೋಳಿಯೊಂದು ನಿಂತು ನೋಡುತ್ತದೆ. ನಮ್ಮ ಎದೆ ಕರಗುತ್ತದೆ. ಆದರೆ ಅದೇ ಕುರುಡನು, ತಂದೆ ಸಂತೆಯಲ್ಲಿ ಬಿಟ್ಟುಹೋದ ಓಹಿತೋಸ್ ಎಂಬ ಹಳ್ಳಿಯ ಹುಡುಗನನ್ನು ಆಳಿನಂತೆ ದುಡಿಸಿಕೊಳ್ಳುತ್ತಾನೆ. ಮೆಚೆ ಎಂಬ ಹುಡುಗಿಯ ಮೇಲೆ ಕೈಹಾಕುತ್ತಾನೆ. ಹಳೆಯ ಸರ್ವಾಧಿಕಾರಿ ಪೊರ್ಫಿರಿಯೊ ದಿಯಾಸನ ಕಾಲವೇ ಒಳ್ಳೆಯದಿತ್ತೆಂದು ಹಲುಬುತ್ತಾನೆ. ಹೈಬೋ ಕೊಲೆಗಡುಕ, ಆದರೆ ತನ್ನ ತಾಯಿ ಯಾರೆಂದು ತಿಳಿಯದ ಅವನು, ಎಳವೆಯಲ್ಲಿ ತನ್ನ ಮೇಲೆ ಬಾಗಿ ನೋಡಿದ ಒಂದು ಮುಖವನ್ನು ನೆನೆಯುವಾಗ ಅವನ ಧ್ವನಿ ಕೊಲೆಗಡುಕನ ಧ್ವನಿಯಲ್ಲ. ಆ ಮಾತನ್ನು ಅವನು ಆಡುವುದು ಪೇದ್ರೊವಿನ ತಾಯಿಯೆದುರು, ಅವಳ ಮೋಹವನ್ನು ಗೆಲ್ಲುವ ಹೊತ್ತಿನಲ್ಲಿ! ಇಲ್ಲಿ ಯಾರನ್ನೂ ಪೂರ್ತಿಯಾಗಿ ಮರುಗಲು ಬಾರದು, ಯಾರನ್ನೂ ಪೂರ್ತಿಯಾಗಿ ದೂಡಲು ಬಾರದು. ಮರುಗುವವನ ಎತ್ತರದ ಪೀಠ ನಮ್ಮ ಕಾಲ ಕೆಳಗಿನಿಂದ ಜಾರಿಹೋಗುತ್ತದೆ.

ಈ ಮಾತು ಎಲ್ಲಕ್ಕಿಂತ ಹೆಚ್ಚಾಗಿ ಸಲ್ಲುವುದು ಆ ತಾಯಿಯ ಪಾತ್ರಕ್ಕೆ. ಹಸಿದು ಬಂದ ಪೇದ್ರೊ ಊಟಕ್ಕೆ ಕೈಚಾಚಿದಾಗ ಅವಳು ಆ ಕೈಗೆ ಹೊಡೆಯುತ್ತಾಳೆ. ಪೋಲಿ ಅಲೆಯುವವನಿಗೆ ಊಟವಿಲ್ಲ ಎನ್ನುತ್ತಾಳೆ. ಚಿತ್ರೀಕರಣ ನಡೆಯುತ್ತಿದ್ದಾಗ ಕೇಶಾಲಂಕಾರದ ಕೆಲಸಕ್ಕಿದ್ದ ಹೆಂಗಸು ಮೆಕ್ಸಿಕೊದ ಯಾವ ತಾಯಿಯೂ ಹೀಗೆ ಮಾಡಲಾರಳೆಂದು ಕೆಲಸ ಬಿಟ್ಟುಹೋದಳೆಂದು ಬುನ್ಯುಯೆಲ್ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ನಮ್ಮ ನಾಡಿನ ಪ್ರೇಕ್ಷಕನೂ ಅಲ್ಲಿ ಬೆಚ್ಚಿಬೀಳುತ್ತಾನೆ. ಮಾತೃವಾತ್ಸಲ್ಯವೊಂದು ಬಡತನಕ್ಕೆ ಮುಕ್ಕಾಗದೆ ಉಳಿಯುತ್ತದೆಂಬ ನಂಬಿಕೆ ನಮ್ಮ ಕೊನೆಯ ಸಮಾಧಾನ. ಬಾಲಾಪರಾಧಿಗಳ ಅಧಿಕಾರಿಯ ಮುಂದೆ ಅವಳು ಹೇಳುವ ಮಾತನ್ನು ಕೇಳಿದಾಗ ಆ ಸಮಾಧಾನವೂ ಹೋಗುತ್ತದೆ. ಆ ಹುಡುಗನನ್ನು ಏಕೆ ಪ್ರೀತಿಸಬೇಕು, ಅವನ ತಂದೆ ಯಾರೆಂಬುದೇ ತನಗೆ ತಿಳಿಯದು, ತಾನಾಗ ಎಳೆಯ ಹುಡುಗಿ, ತನ್ನನ್ನು ಕಾಪಾಡಿಕೊಳ್ಳಲೂ ಶಕ್ತಿಯಿರಲಿಲ್ಲ ಎಂದು ಅವಳು ಅಳದೆ ಹೇಳುತ್ತಾಳೆ. ಅವಳು ಊಟ ಕೊಡದಿದ್ದುದಕ್ಕೆ ಇದು ಸಮರ್ಥನೆಯಲ್ಲ. ಚಿತ್ರವೂ ಹಾಗೆಂದು ಹೇಳುವುದಿಲ್ಲ. ಹೊಡೆದ ಕೈ ಎಲ್ಲಿಂದ ಬಂದಿತೆಂಬುದನ್ನು ಮಾತ್ರ ತೋರಿಸಿ ಸುಮ್ಮನಾಗುತ್ತದೆ.

ಇನ್ನು ಪೇದ್ರೊವಿನ ಕನಸು. ಕೊಲೆಯನ್ನು ಕಂಡ ರಾತ್ರಿ ಅವನ ಕನಸಿನಲ್ಲಿ ಗರಿಗಳು ಉದುರುತ್ತವೆ. ಮಂಚದ ಕೆಳಗೆ ಸತ್ತ ಹೂಲಿಯಾನ್ ರಕ್ತಸಿಕ್ತನಾಗಿ ನಗುತ್ತಾನೆ. ಬಿಳಿಯುಡುಗೆಯ ತಾಯಿ ತೇಲುವಂತೆ ಬಂದು ನಗುಮುಖದಿಂದ ಮಾತನಾಡುತ್ತಾಳೆ. ಆ ರಾತ್ರಿ ನನಗೇಕೆ ಮಾಂಸ ಕೊಡಲಿಲ್ಲವೆಂದು ಅವನು ಕೇಳುತ್ತಾನೆ. ಅವಳು ಹಸಿಯ ಮಾಂಸದ ದೊಡ್ಡ ತುಂಡೊಂದನ್ನು ಎರಡು ಕೈಗಳಲ್ಲಿ ಹಿಡಿದು ನೀಡುತ್ತಾಳೆ. ಗಾಳಿ ಬೀಸುತ್ತದೆ, ಮಂಚದ ಕೆಳಗಿನಿಂದ ಹೈಬೋವಿನ ಕೈ ಮೇಲೆದ್ದು ಅದನ್ನು ಕಸಿಯುತ್ತದೆ. ಆ ಮಾಂಸಖಂಡ ನೋಡಲು ಅಸಹ್ಯವಾದುದು. ಭರತನ ಲೆಕ್ಕದಲ್ಲಿ ಬೀಭತ್ಸಕ್ಕೆ ತಕ್ಕ ವಿಭಾವ. ಆದರೆ ಹುಡುಗನಿಗೆ ಅದು ತಾಯಿಯ ವಾತ್ಸಲ್ಯ. ಜುಗುಪ್ಸೆ ನಮ್ಮದು, ಹಸಿವು ಅವನದು; ವಸ್ತು ಒಂದೇ. ಅನ್ನವನ್ನೂ ಒಲವನ್ನೂ ಬೇರೆಬೇರೆಯಾಗಿ ಬಯಸುವುದಕ್ಕೆ ಒಂದಿಷ್ಟು ಸಿರಿ ಬೇಕೆಂಬುದು ಇಲ್ಲಿ ನಮಗೆ ಹೊಳೆಯುತ್ತದೆ. ಆ ಕ್ಷಣದಲ್ಲಿ ನಾವು ಮೂಗು ಮುಚ್ಚಿಕೊಂಡು ಹೊರಗೆ ನಿಲ್ಲುವುದು ಸಾಧ್ಯವಾಗುವುದಿಲ್ಲ. ಈ ಚಿತ್ರದಲ್ಲಿ ಬೀಭತ್ಸವು ಕರುಣಕ್ಕೆ ಅಂಗವಾಗಿ ನಿಂತಿದೆಯೆಂದು ನಾವು ಹೇಳುವುದು ಈ ಆಧಾರದ ಮೇಲೆ.

ಇಂಥ ಇನ್ನೊಂದು ದೃಶ್ಯ ಮರದ ಕುದುರೆಗಳ ರಾಟವಾಳದ್ದು. ಮೇಲೆ ಕಾಸು ಕೊಟ್ಟ ಮಕ್ಕಳು ಕುಳಿತು ನಲಿಯುತ್ತಾರೆ. ಪೇದ್ರೊ ಮತ್ತು ಅವನಂಥ ಹುಡುಗರು ಅದನ್ನು ತಳ್ಳಿ ತಿರುಗಿಸುತ್ತಾರೆ. ಯಾರೂ ಭಾಷಣ ಮಾಡುವುದಿಲ್ಲ. ಈ ಮೌನಕ್ಕೆ ಛಾಯಾಗ್ರಾಹಕ ಗಾಬ್ರಿಯೆಲ್ ಫಿಗೆರೋವಾನ ಸಂಯಮವೂ ಕಾರಣ. ಎಮಿಲಿಯೊ ಫೆರ್ನಾಂದೆಸನ ಚಿತ್ರಗಳಲ್ಲಿ ಮುಗಿಲುಗಳ ಭವ್ಯತೆಗೆ ಹೆಸರಾಗಿದ್ದ ಆತ ಇಲ್ಲಿ ಆಕಾಶವನ್ನು ಬರಿದಾಗಿ ಬಿಟ್ಟಿದ್ದಾನೆ. ಹಿನ್ನೆಲೆಯಲ್ಲಿ ಕಾಣುವುದು ಅರೆ ಕಟ್ಟಿದ ದೊಡ್ಡ ಕಟ್ಟಡದ ಕಬ್ಬಿಣದ ಎಲುಬು ಮಾತ್ರ. ಆ ಎಲುಬಿನೊಳಗೆ ನೂರು ಜನರ ವಾದ್ಯಗೋಷ್ಠಿಯನ್ನು ಕೂರಿಸಿ, ಅದು ಕಂಡೂ ಕಾಣದಂತೆ ಹಾದುಹೋಗಬೇಕೆಂದು ಬುನ್ಯುಯೆಲ್ ಬಯಸಿದ್ದನಂತೆ, ನಿರ್ಮಾಪಕ ಬೇಡವೆಂದನು. ಈ ಒಂದು ವಿಷಯದಲ್ಲಿ ನಾವು ನಿರ್ಮಾಪಕನ ಪಕ್ಷ.

ಚಿತ್ರದಲ್ಲಿ ದೋಷವಿಲ್ಲವೆಂದಲ್ಲ. ಆರಂಭದಲ್ಲಿ ನ್ಯೂಯಾರ್ಕ್, ಪ್ಯಾರಿಸ್, ಲಂಡನ್ ನಗರಗಳನ್ನು ತೋರಿಸಿ, ಎಲ್ಲ ಮಹಾನಗರಗಳೂ ತಮ್ಮ ಸೌಧಗಳ ಹಿಂದೆ ದಾರಿದ್ರ್ಯವನ್ನು ಅಡಗಿಸಿರುತ್ತವೆಂದೂ, ಪರಿಹಾರವನ್ನು ಸಮಾಜದ ಪ್ರಗತಿಪರ ಶಕ್ತಿಗಳಿಗೆ ಬಿಟ್ಟಿದೆಯೆಂದೂ ಹೇಳುವ ಧ್ವನಿಯೊಂದಿದೆ. ಅದು ಅಧಿಕಾರಿಗಳನ್ನು ಒಲಿಸಿಕೊಳ್ಳಲು ಕೊಟ್ಟ ಅರ್ಜಿಯಂತಿದೆ. ಕೃಷಿಶಾಲೆಯ ಮುಖ್ಯಸ್ಥನೂ ಅಷ್ಟೆ. ಈ ಮಕ್ಕಳಿಗೆ ಬದಲಾಗಿ ಬಡತನವನ್ನೇ ಕೂಡಿಹಾಕಲು ಬರುವಂತಿದ್ದರೆ ಎಂದು ಅವನು ಹಾರೈಸುವಾಗ ಅವನ ಬಾಯಿಂದ ಬರುವುದು ವರದಿಯ ವಾಕ್ಯ. ಆದರೆ ಅದೇ ಶಾಲೆಯಲ್ಲಿ ಪೇದ್ರೊ ಕೈಯಲ್ಲಿದ್ದ ಮೊಟ್ಟೆಯನ್ನು ನೇರವಾಗಿ ಕ್ಯಾಮೆರಾದ ಕಡೆಗೆ ಬೀಸಿ ಎಸೆಯುತ್ತಾನೆ. ಅದು ಒಡೆದು ಲೋಳೆ ನಮ್ಮ ಕಣ್ಣ ಮುಂದೆಯೇ ಇಳಿಯುತ್ತದೆ. ಮರುಗಲು ಸಿದ್ಧವಾಗಿ ಕುಳಿತ ಪ್ರೇಕ್ಷಕನ ಮುಖಕ್ಕೆ ಬಿದ್ದ ಮೊಟ್ಟೆ ಅದು. ಮುಖ್ಯಸ್ಥನ ಇಡೀ ಉಪದೇಶಕ್ಕಿಂತ ನಮಗೆ ಅದೇ ಮೇಲೆನಿಸುತ್ತದೆ.

ಕೊನೆಯ ಮಾತು ಅಂತ್ಯವನ್ನು ಕುರಿತು. ಈ ಚಿತ್ರಕ್ಕೆ ಇನ್ನೊಂದು ಅಂತ್ಯವನ್ನೂ ಚಿತ್ರೀಕರಿಸಿ ಇಟ್ಟಿದ್ದರೆಂಬುದು ದಶಕಗಳ ಮೇಲೆ ಮೆಕ್ಸಿಕೊದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದ ಚಿತ್ರಾಗಾರದಲ್ಲಿ ಅದರ ಸುರುಳಿ ದೊರೆತಾಗ ತಿಳಿದುಬಂದಿತು. ಅದರಲ್ಲಿ ಕಾದಾಟದಲ್ಲಿ ಬಿದ್ದು ಸಾಯುವವನು ಹೈಬೋ. ಪೇದ್ರೊ ತನ್ನ ಐವತ್ತು ಪೆಸೊಗಳನ್ನು ಮರಳಿ ಪಡೆದು ಶಾಲೆಗೆ ಹಿಂದಿರುಗುತ್ತಾನೆ. ಅದನ್ನು ನೋಡಿದರೆ ಮನಸ್ಸು ಹಗುರವಾಗುತ್ತದೆ. ಕೊಟ್ಟ ಕರುಣೆಗೆ ರಸೀದಿ ಸಿಕ್ಕಂತಾಗುತ್ತದೆ. ತೆರೆಗೆ ಬಂದ ಅಂತ್ಯದಲ್ಲಿ ಅಂಥದೇನೂ ಇಲ್ಲ. ಮೆಚೆಯ ಮನೆಯ ಕೊಟ್ಟಿಗೆಯಲ್ಲಿ ಪೇದ್ರೊವಿನ ಹೆಣ ಬಿದ್ದಿದೆ. ಪೊಲೀಸರು ತಮ್ಮ ಮೇಲೆಯೇ ಸಂಶಯಪಟ್ಟಾರೆಂದು ಹೆದರಿ ಅವಳೂ ಅವಳ ಅಜ್ಜನೂ ಅದನ್ನು ಚೀಲದಲ್ಲಿ ಕಟ್ಟಿ ಕತ್ತೆಯ ಮೇಲೆ ಹೇರಿಕೊಂಡು ರಾತ್ರಿಯಲ್ಲಿ ಹೊರಡುತ್ತಾರೆ. ಅವರು ಕೆಟ್ಟವರಲ್ಲ, ಹೆದರಿದವರು. ದಾರಿಯಲ್ಲಿ ಪೇದ್ರೊವಿನ ತಾಯಿ ಎದುರಾಗುತ್ತಾಳೆ. ಅವಳು ಈಗ ಮಗನನ್ನು ಹುಡುಕುತ್ತ ಹೊರಟಿದ್ದಾಳೆ. ಹೊಡೆದಟ್ಟಿದ ಮಗನಿಗಾಗಿ ಅವಳಲ್ಲಿ ಒಲವು ಮೂಡಿದ ಹೊತ್ತಿಗೆ ಆ ಮಗ ಅವಳ ಮಗ್ಗುಲಲ್ಲಿಯೇ ಚೀಲದೊಳಗೆ ಹಾದುಹೋಗುತ್ತಿದ್ದಾನೆ. ಅವಳಿಗೆ ಅದು ತಿಳಿಯದು, ನಮಗೆ ತಿಳಿದಿದೆ. ಅವಳ ಹೊಡೆತವನ್ನು ಕಂಡು ಅವಳನ್ನು ಹಳಿದವರೂ ನಾವೇ. ಅವಳಿನ್ನೂ ಪಡದಿರುವ ಶೋಕವನ್ನು ಅವಳ ಪರವಾಗಿ ನಾವು ಹೊತ್ತು ನಿಂತಿರುತ್ತೇವೆ, ಅಯ್ಯೋ ಎನ್ನಲು ಯಾವ ಎತ್ತರವೂ ಉಳಿಯದೆ. ಮುಂದೆ ಕತ್ತೆ ಊರ ಹೊರಗಿನ ಇಳಿಜಾರನ್ನು ತಲಪುತ್ತದೆ. ಚೀಲವನ್ನು ಇಳಿಸಿ ತಿಪ್ಪೆಯ ಕಡೆಗೆ ಉರುಳಿಸುತ್ತಾರೆ. ಆರಂಭದಲ್ಲಿ ಮಹಾನಗರಗಳನ್ನು ಕುರಿತು ಮಾತನಾಡಿದ ಆ ಧ್ವನಿ ಇಲ್ಲಿ ಮರಳಿ ಬರುವುದಿಲ್ಲ.